ಕರಪತ್ರವನ್ನು ಕೆಳಗಿನಿಂದ ಓದುತ್ತಿದ್ದವರು

ಕಳೆದ ತಿಂಗಳು ನಮ್ಮ ಪ್ರೆಸ್ಸಿನ ಯಜಮಾನರು ಕೆಲಸ ಬಿಟ್ಟರು. ಹಾರ, ಶಾಲು, ಭಾಷಣ ಯಾವುದಕ್ಕೂ ಒಪ್ಪಲಿಲ್ಲ. ‘ಅಕ್ಷರ ಎರಡೆರಡು ಕಾಣತ್ತೆ. ನಾಳೆಯಿಂದ ತಮ್ಮನ ಮಗ ಬಂದು ಕೂತ್ಕೋತಾನೆ’ ಎಂದು ಹೇಳಿ, ಕನ್ನಡಕ ಜೇಬಿಗೆ ಹಾಕಿಕೊಂಡು, ಪ್ರತಿದಿನ ಸಂಜೆ ಆರಕ್ಕೆ ಹೊರಡುವ ಹಾಗೆಯೇ ಹೊರಟುಹೋದರು. ಚಾಮರಾಜಪೇಟೆಯ ಆ ಪ್ರೆಸ್ಸಿನಲ್ಲಿ ಅವರ ಕೈಕೆಳಗೆ ನಾನು ಹದಿನಾಲ್ಕು ವರ್ಷ ಡಿಟಿಪಿ ಮಾಡಿದ್ದೇನೆ, ಪ್ರೂಫ್ ನೋಡಿದ್ದೇನೆ. ಅವರು ಹೋದ ಮೇಲೆ ಎರಡು ದಿನ ಯಾರೂ ಅವರ ಕುರ್ಚಿಯ ಮೇಲೆ ಕಾಗದದ ಕಟ್ಟು ಕೂಡ ಇಡಲಿಲ್ಲ.

ಅವರದು ಪೇಟೆಯ ಹಳೆಯ ವ್ಯಾಪಾರದ ಮನೆತನ. ಅಜ್ಜ ಅವೆನ್ಯೂ ರಸ್ತೆಯಲ್ಲಿ ಕಾಗದವನ್ನು ರೀಮ್ ಲೆಕ್ಕದಲ್ಲಿ ಮಾರುತ್ತಿದ್ದರಂತೆ. ಆ ಕಾಗದದ ಮೇಲೆ ನಾಲ್ಕಕ್ಷರ ಅಚ್ಚು ಹಾಕಿ ಕೊಟ್ಟರೆ ಇನ್ನೂ ಹೆಚ್ಚು ಸಿಗುತ್ತದೆ ಎಂದು ಅಪ್ಪ ಮೊದಲ ಯಂತ್ರ ತಂದರಂತೆ. ಇವರ ಕಾಲಕ್ಕೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಅದರ ಮುಂದೆ ನಾನು ಬಂದೆ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಿಳಿ ಅರ್ಧ ತೋಳಿನ ಶರ್ಟು, ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಎಷ್ಟು ತೊಳೆದರೂ ಹೋಗದ ಮಸಿ. ಯಾವ ಕಾಗದ ಕೊಟ್ಟರೂ ಮೊದಲು ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಿದ್ದರು. ಬ್ಯಾಂಕಿನಿಂದ ಬಂದ ಪತ್ರವಾದರೂ ಅಷ್ಟೇ.

ಅವರ ಓದುವ ಕ್ರಮ ಮಾತ್ರ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಪ್ರೂಫನ್ನು ಕೆಳಗಿನ ಸಾಲಿನಿಂದ ಓದಲು ಶುರು ಮಾಡುತ್ತಿದ್ದರು. ಮೊದಲು ಮುದ್ರಕರ ಹೆಸರು, ಆಮೇಲೆ ಅಚ್ಚು ಹಾಕಿಸಿದವರ ಹೆಸರು, ಆಮೇಲೆ ಎಷ್ಟು ಪ್ರತಿ ಎಂಬುದು. ಮೇಲಿರುವ ದಪ್ಪಕ್ಷರದ ತಲೆಬರಹ ಕೊನೆಗೆ. ನಾನು ಸೇರಿದ ಹೊಸತರಲ್ಲಿ ಯಾಕೆ ಎಂದು ಕೇಳಿದ್ದೆ. ‘ಮೇಲಿಂದು ಊರೆಲ್ಲ ಓದತ್ತೆ ಕಣಮ್ಮ. ಕೆಳಗಿಂದು ನಾವು ಓದದೇ ಇದ್ರೆ ಯಾರು ಓದ್ತಾರೆ’ ಎಂದಿದ್ದರು.

ಒಮ್ಮೆ ಬಸವನಗುಡಿಯ ಒಬ್ಬರು ತಂದೆಯ ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಲು ಬಂದರು. ‘ದುಃಖತಪ್ತರು’ ಎಂಬುದರ ಕೆಳಗೆ ಇಬ್ಬರು ಗಂಡು ಮಕ್ಕಳ ಹೆಸರಿತ್ತು. ಯಜಮಾನರು ಸತ್ತವರನ್ನು ಬಲ್ಲವರು. ‘ಮೂರು ಜನ ಅಲ್ವಾ ನೀವು?’ ಎಂದರು. ಬಂದವರು, ಒಬ್ಬ ತಮ್ಮ ಆಸ್ತಿಗೆ ಕೋರ್ಟಿಗೆ ಹೋಗಿದ್ದಾನೆ, ಅವನ ಹೆಸರು ಬೇಡ ಎಂದರು. ‘ಕೋರ್ಟಿಗೆ ಹೋದ್ರೆ ಮಗ ಅಲ್ಲ ಅಂತ ಆಗತ್ತಾ? ಬೇರೆ ಪ್ರೆಸ್ಸಲ್ಲಿ ಮಾಡಿಸ್ಕೊಳ್ಳಿ’ ಎಂದು ಕಾಗದ ವಾಪಸು ಕೊಟ್ಟರು. ಆತ ಬೇರೆ ಪ್ರೆಸ್ಸಿಗೇ ಹೋದರು. ಹೀಗೆ ಕಳೆದುಕೊಂಡ ಗಿರಾಕಿಗಳು ಬಹಳ. ನಮ್ಮ ಸಂಬಳ ಹತ್ತನೇ ತಾರೀಖಿಗೆ ಬರುತ್ತಿದ್ದದ್ದಕ್ಕೆ ಅದೂ ಒಂದು ಕಾರಣ ಎಂದು ನಾವು ಮಷಿನ್ನಿನ ಹಿಂದೆ ನಿಂತು ಗೊಣಗುತ್ತಿದ್ದೆವು.

ಜಿಪುಣರೂ ಹೌದು. ಹಾಳಾದ ಹಾಳೆಗಳನ್ನು ಕತ್ತರಿಸಿ ಚೀಟಿ ಪುಸ್ತಕ ಮಾಡಿಸುತ್ತಿದ್ದರು. ಮುಂಗಡ ಸಂಬಳ ಎಂದರೆ ಮುಖ ತಿರುಗಿಸಿಬಿಡುತ್ತಿದ್ದರು. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಲೇ ವಿಶ್ವೇಶ್ವರಪುರಂನ ತಿಂಡಿ ಬೀದಿಯಿಂದ ಉಪ್ಪುಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ ತರಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮನೆಯವರು ಫೋನ್ ಮಾಡಿ ಕೇಳಿದರೆ ಇಲ್ಲ ಎನ್ನಬೇಕೆಂದು ನಮಗೆಲ್ಲ ಹೇಳಿಟ್ಟಿದ್ದರು. ಅಚ್ಚಿನ ವಿಷಯದಲ್ಲಿ ಸುಳ್ಳು ಸೇರದ ಮನುಷ್ಯ ಕಡಲೆಬೀಜದ ವಿಷಯದಲ್ಲಿ ಧಾರಾಳವಾಗಿ ಹೇಳುತ್ತಿದ್ದರು.

ಆದರೆ ನಾನು ಬರೆಯಲು ಕೂತದ್ದು ಒಂದು ಚುನಾವಣೆಯ ಸಮಯದಲ್ಲಿ ಅವರು ನನ್ನನ್ನು ಉಳಿಸಿದ ಸಂಗತಿಯನ್ನು.

ಗವಿಪುರಂನಲ್ಲಿ ನಮ್ಮ ಮನೆಯ ಹತ್ತಿರ ಒಬ್ಬ ಮಕ್ಕಳ ಡಾಕ್ಟರು ಇದ್ದಾರೆ. ನನ್ನ ಮಗಳಿಗೆ ಮೂರು ವರ್ಷದಲ್ಲಿ ನ್ಯುಮೋನಿಯಾ ಆದಾಗ ದಿನಕ್ಕೆ ಎರಡು ಸಲ ಮನೆಗೇ ಬಂದು ನೋಡಿದವರು. ಆ ವಿಧಾನಸಭಾ ಚುನಾವಣೆಗೆ ಅವರು ಒಂದು ಚಿಕ್ಕ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಅವರು ಕೊಟ್ಟ ಮುಖ್ಯ ಮಾತು ಒಂದೇ. ನಮ್ಮ ಕಡೆಯ ಹಳೆಯ ಸರ್ಕಾರಿ ಹೆರಿಗೆ ಆಸ್ಪತ್ರೆ ದುರಸ್ತಿಯ ಹೆಸರಲ್ಲಿ ಮುಚ್ಚಿ ವರ್ಷಗಳಾಗಿದ್ದವು. ಅದನ್ನು ತೆರೆಸುತ್ತೇನೆ ಎಂಬುದು. ಆ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಡಾಕ್ಟರ ಕರಪತ್ರ ನಮ್ಮ ಪ್ರೆಸ್ಸಿನಲ್ಲೇ ಆಯಿತು. ಯಜಮಾನರು ಅವರ ಹಳೆಯ ಸ್ನೇಹಿತರು.

ಒಂದು ವಾರ ಕಳೆದು ಒಬ್ಬರು ಬಂದರು. ಇಸ್ತ್ರಿ ಮಾಡಿದ ನೀಲಿ ಶರ್ಟು, ಮೃದು ಮಾತು. ಯಾವುದೋ ನಾಗರಿಕ ಹಿತರಕ್ಷಣಾ ವೇದಿಕೆಯಿಂದ ಬಂದಿದ್ದೇನೆ, ಡಾಕ್ಟರ ಪರವಾಗಿ ನಮ್ಮದೂ ಒಂದು ಕರಪತ್ರ ಬೇಕು ಎಂದರು. ಡಾಕ್ಟರು ಮಾಡಿಸಿದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಪ್ರತಿಗಳು, ಬಣ್ಣದಲ್ಲಿ, ಒಳ್ಳೆಯ ಆರ್ಟ್ ಪೇಪರಿನ ಮೇಲೆ. ಯಜಮಾನರು ಆಗ ಬ್ಯಾಂಕಿಗೆ ಹೋಗಿದ್ದರು. ನಾನು ಆರ್ಡರು ಬರೆದುಕೊಂಡೆ.

ಚುನಾವಣೆಯ ಕರಪತ್ರ ಹಾಕಿಸುವವರು ತಾವು ಯಾರು ಎಂದು ಘೋಷಣಾ ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ಆಮೇಲೆ ಪ್ರೆಸ್ಸಿನವರು ಅದನ್ನು ಚುನಾವಣಾ ಕಚೇರಿಗೆ ಕಳಿಸಬೇಕು. ನಾನು ಆ ಫಾರಂ ಕೇಳಿದೆ. ಅವರ ಬಳಿ ಎರಡು ಪ್ರತಿ ಸಿದ್ಧವಾಗಿದ್ದವು. ಸಾಕ್ಷಿಗಳ ಸಹಿಯೂ ಆಗಿತ್ತು. ಪ್ರಕಾಶಕರ ಜಾಗ ಮಾತ್ರ ಖಾಲಿ.

‘ನಮ್ಮ ಸೆಕ್ರೆಟರಿ ಊರಲ್ಲಿಲ್ಲ ಮೇಡಂ. ನೀವೂ ಈ ಏರಿಯಾದವರೇ ಅಲ್ವಾ? ಡಾಕ್ಟ್ರು ನಿಮಗೂ ಬೇಕಾದವರೇ. ನೀವೇ ಒಂದು ಸೈನ್ ಹಾಕಿಬಿಡಿ. ಬರೀ ಫಾರ್ಮಾಲಿಟಿ.’

ನಾನು ಫಾರಂ ತಿರುಗಿಸಿ ನೋಡಿದೆ. ಅವರು ಮಕ್ಕಳ ಬಗ್ಗೆ ಕೇಳಿದರು. ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸಬೇಕು, ಫೀಸಿಗೆ ಒದ್ದಾಡುತ್ತಿದ್ದೇವೆ ಎಂದೆ. ಅಪರಿಚಿತರ ಮುಂದೆ ಅದನ್ನು ಯಾಕೆ ಹೇಳಿದೆನೋ. ಅದಕ್ಕೆ ಹಿಂದಿನ ವಾರವಷ್ಟೇ ಯಜಮಾನರ ಹತ್ತಿರ ಮುಂಗಡ ಕೇಳಿ ಇಲ್ಲ ಅನ್ನಿಸಿಕೊಂಡಿದ್ದೆ. ‘ನಮ್ಮ ವೇದಿಕೆಗೆ ಸಹಾಯ ಮಾಡೋ ಕಂಪನಿ ಒಂದಿದೆ. ಅವ್ರ ಟ್ರಸ್ಟಿಂದ ಪ್ರತಿ ವರ್ಷ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡ್ತಾರೆ. ಮಗಳ ಮಾರ್ಕ್ಸ್ ಕಾರ್ಡ್ ವಾಟ್ಸಾಪ್ ಮಾಡಿ, ನಾನ್ ನೋಡ್ಕೋತೀನಿ’ ಎಂದರು.

ಸಹಿ ಹಾಕಿದೆ. ಎರಡೂ ಪ್ರತಿಗೆ. ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದರು, ಕೊಟ್ಟೆ. ಒಂದು ಪ್ರತಿಯನ್ನು ತಮ್ಮ ಫೈಲಿಗೆ ಎಂದು ತೆಗೆದುಕೊಂಡು ಹೋದರು. ಡಾಕ್ಟರಿಗೆ ಒಳ್ಳೆಯದಾಗುತ್ತದೆ, ನನ್ನ ಮಗಳಿಗೂ ಆಗುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಜೆ ಮನೆಗೆ ಹೋಗುವಾಗ ಮಗಳಿಗೆ ಪುಳಿಯೋಗರೆ ಕಟ್ಟಿಸಿಕೊಂಡು ಹೋದದ್ದು ಕೂಡ ನೆನಪಿದೆ.

ಮಾರನೆಯ ಬೆಳಿಗ್ಗೆ ಪ್ರೂಫ್ ಯಜಮಾನರ ಮೇಜಿಗೆ ಹೋಯಿತು. ಅವರು ಕೆಳಗಿನಿಂದ ಶುರು ಮಾಡಿದರು. ನಾನು ಕಂಪ್ಯೂಟರಿನ ಕಡೆ ತಿರುಗಿ ಕೂತೆ.

‘ಇದು ನಿನ್ನ ಹೆಸರೇನಮ್ಮ?’

‘ಹೂಂ ಸಾರ್.’

‘ನೀನು ಈ ವೇದಿಕೆಗೆ ಸೆಕ್ರೆಟರಿನಾ?’

ಅಲ್ಲ ಎಂದು ತಲೆಯಾಡಿಸಿದೆ. ಅವರು ಫಾರಂ ತರಿಸಿಕೊಂಡು ಸಾಕ್ಷಿಗಳ ನಂಬರಿಗೆ ಫೋನ್ ಮಾಡಿದರು. ನನ್ನನ್ನು ಎದುರು ಕೂರಿಸಿಕೊಂಡು ಸ್ಪೀಕರ್ ಹಾಕಿದರು. ಮೊದಲನೆಯವನಿಗೆ ನನ್ನ ಹೆಸರು ಹೇಳಿ, ‘ಇವ್ರು ನಿಮಗೆ ಗೊತ್ತೇನಪ್ಪಾ?’ ಎಂದರು. ‘ಯಾರು ಸಾರ್ ಅವ್ರು? ನಾನು ಕಂಪನೀಲಿ ಡ್ರೈವರ್. ಸೈನ್ ಹಾಕು ಅಂದ್ರು, ಹಾಕ್ದೆ’ ಎಂದಿತು ಆ ದನಿ. ಯಾವ ಕಂಪನಿ ಎಂದು ಕೇಳಿದರು. ಅವನು ಒಂದು ಕಟ್ಟಡ ಕಂಪನಿಯ ಹೆಸರು ಹೇಳಿದ. ಎರಡನೆಯ ಸಾಕ್ಷಿ ಅದೇ ಕಂಪನಿಯಲ್ಲಿ ಕಸ ಗುಡಿಸುವ ಹೆಂಗಸು.

ಯಜಮಾನರು ಫೋನ್ ಇಟ್ಟು ಕರಪತ್ರದ ಮೇಲಿನ ಭಾಗ ಓದಿದರು. ಆಮೇಲೆ ಡ್ರಾಯರಿನಿಂದ ಡಾಕ್ಟರ ಸ್ವಂತ ಕರಪತ್ರ ತೆಗೆದು ಪಕ್ಕದಲ್ಲಿಟ್ಟು ಎರಡು ಕಡೆ ಬೆರಳಿಟ್ಟು ತೋರಿಸಿದರು. ಡಾಕ್ಟರ ಕರಪತ್ರದಲ್ಲಿ, ‘ಹೆರಿಗೆ ಆಸ್ಪತ್ರೆಯನ್ನು ಮತ್ತೆ ತೆರೆಸುತ್ತೇನೆ’ ಎಂದಿತ್ತು. ಇದರಲ್ಲಿ, ‘ಹಳೆಯ ಆಸ್ಪತ್ರೆಯ ಜಾಗದಲ್ಲಿ ಬಹುಮಹಡಿ ಆರೋಗ್ಯ ಮತ್ತು ವಾಣಿಜ್ಯ ಸಂಕೀರ್ಣ ನಮ್ಮ ಡಾಕ್ಟರ ಕನಸು’ ಎಂದಿತ್ತು. ಆ ಸಾಲನ್ನು ನಾನೇ ಟೈಪ್ ಮಾಡಿದ್ದೆ. ‘ಸಂಕೀರ್ಣ’ದ ಕಾಗುಣಿತ ಸರಿ ಇದೆಯೇ ಎಂದು ಎರಡು ಸಲ ನೋಡಿದ್ದೆ. ಅರ್ಥ ಮಾತ್ರ ನೋಡಿರಲಿಲ್ಲ.

ನನಗೆ ಅಳು ಬಂತು. ಸ್ಕಾಲರ್‌ಶಿಪ್ಪಿನ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಉಗುರಿನ ಮಸಿ ಕೆರೆಯುತ್ತಾ ಕೂತರು. ‘ನೀನು ಅಡ್ವಾನ್ಸ್ ಕೇಳ್ದೆ, ನಾನು ಇಲ್ಲ ಅಂದೆ. ಅದೂ ಇದ್ರಲ್ಲಿ ಸೇರಿದೆ ಬಿಡು’ ಎಂದರು. ಆಮೇಲೆ ಮಷಿನ್ನಿನವರಿಗೆ ಆ ಕೆಲಸ ನಿಲ್ಲಿಸಲು ಹೇಳಿ, ‘ಬ್ಯಾಗ್ ತಗೋ. ಡಾಕ್ಟ್ರ ಹತ್ರ ಹೋಗೋಣ’ ಎಂದು ಎದ್ದರು.

ಡಾಕ್ಟರು ಪ್ರಚಾರದ ನಡುವೆಯೂ ಮಧ್ಯಾಹ್ನ ಒಂದು ಗಂಟೆ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ಯಜಮಾನರು ಒಳಗೆ ನುಗ್ಗಲಿಲ್ಲ. ಟೋಕನ್ ತೆಗೆದುಕೊಂಡು, ಕೆಮ್ಮುವ ಮಕ್ಕಳ ನಡುವೆ ಬೆಂಚಿನ ಮೇಲೆ ಕೂತರು. ನಮ್ಮ ಸರದಿ ಬಂದಾಗ ಎರಡೂ ಕರಪತ್ರಗಳನ್ನು ಮೇಜಿನ ಮೇಲಿಟ್ಟು, ಸಾಕ್ಷಿಗಳು ಯಾವ ಕಟ್ಟಡ ಕಂಪನಿಯವರು ಎಂಬುದನ್ನೂ ಹೇಳಿದರು.

ಡಾಕ್ಟರು ಎರಡನ್ನೂ ಓದಿ ಮಗುಚಿಟ್ಟರು. ‘ನಮ್ಮ ಪ್ರಚಾರದ ಮ್ಯಾನೇಜರು ಹೇಳಿದ್ರು, ಯಾರೋ ಹಿತೈಷಿಗಳು ವ್ಯಾನು, ಕುರ್ಚಿ, ಹುಡುಗರ ಊಟ ಎಲ್ಲ ನೋಡ್ಕೋತಿದಾರೆ ಅಂತ. ಯಾರು ಅಂತ ನಾನು ಕೇಳಲಿಲ್ಲ ಯಜಮಾನ್ರೇ. ಕೇಳಬಾರದು ಅಂತಾನೇ ಕೇಳಲಿಲ್ಲ.’

‘ಈಗ ಗೊತ್ತಾಯ್ತಲ್ಲ.’

‘ಎದುರಿಗೆ ಇರೋರ ಹತ್ರ ಎಷ್ಟಿದೆ ಅಂತ ನಿಮಗೆ ಗೊತ್ತು. ಇದೂ ಇಲ್ದೇ ಇದ್ರೆ ನನ್ನ ಮುಖ ಕೂಡ ಜನಕ್ಕೆ ತಲುಪಲ್ಲ. ಮೊದ್ಲು ಗೆದ್ದುಬಿಡ್ತೀನಿ. ಆಮೇಲೆ ಅವ್ರು ಬಂದು ಜಾಗ ಕೇಳಿದ್ರೆ ಇಲ್ಲ ಅಂತೀನಿ.’

‘ಗೆದ್ದ ಮೇಲೆ ಇಲ್ಲ ಅನ್ನೋದು ಕಷ್ಟ ಡಾಕ್ಟ್ರೇ. ಆಗ ಅವ್ರ ವ್ಯಾನಲ್ಲೇ ಕೂತಿರ್ತೀರಿ. ಇವತ್ತಾದ್ರೆ ಇಳಿದು ನಡ್ಕೊಂಡ್ ಹೋಗಬಹುದು.’

ಡಾಕ್ಟರ ಮುಖ ಕೆಂಪಗಾಯಿತು. ಹೊರಗೆ ಇನ್ನೂ ಮಕ್ಕಳು ಕಾಯುತ್ತಿದ್ದಾರೆ ಎಂದರು. ನಾವು ಎದ್ದು ಬಂದೆವು. ಸ್ನೇಹ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದೆ. 

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರು ಒಂದು ಕರಪತ್ರ ಹಿಡಿದು ಬಂದರು. ‘ನೀವ್ಯಾವಾಗ ರಾಜಕೀಯಕ್ಕೆ ಇಳಿದ್ರಿ? ಹೇಳಲೇ ಇಲ್ಲ’ ಎಂದು ನಕ್ಕರು. ಅದೇ ಕರಪತ್ರ. ನೀಲಿ ಶರ್ಟಿನವರು ಒಯ್ದಿದ್ದ ಫಾರಂ ತೋರಿಸಿ ಬೇರೆ ಯಾವುದೋ ಪ್ರೆಸ್ಸಿನಲ್ಲಿ ಹಾಕಿಸಿದ್ದರು. ಕೆಳಗೆ ಪ್ರಕಾಶಕರು ಎಂದು ನನ್ನ ಹೆಸರು, ನನ್ನ ವಿಳಾಸ.  ಸುಳ್ಳು ಘೋಷಣೆಗೆ ಜೈಲೂ ಆಗಬಹುದು ಎಂದು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಗಂಡನಿಗೆ ಇನ್ನೂ ಹೇಳಿರಲಿಲ್ಲ. ಸೀದಾ ಪ್ರೆಸ್ಸಿಗೆ ಹೋದೆ.

ಯಜಮಾನರು ಕರಪತ್ರ ನೋಡಿ, ತಮ್ಮ ಲೆಟರ್‌ಹೆಡ್ ತೆಗೆದು ಬರೆಯಲು ಕೂತರು. ನಡೆದದ್ದನ್ನು ನಡೆದ ಹಾಗೆಯೇ ಬರೆದರು. ನಾನು ಸಹಿ ಹಾಕಿದ್ದು, ಕಂಪನಿಯವರು ಮಗಳ ಓದಿಗೆ ಆಸೆ ತೋರಿಸಿದ್ದು, ಸಾಕ್ಷಿಗಳಿಗೆ ನನ್ನ ಪರಿಚಯವಿಲ್ಲದ್ದು, ನಾವು ಅಚ್ಚು ನಿಲ್ಲಿಸಿದ್ದು. ಕೊನೆಗೆ, ‘ಇದು ನನ್ನ ಪ್ರೆಸ್ಸಿನಲ್ಲಿ, ನನ್ನ ಮೇಲ್ವಿಚಾರಣೆಯಲ್ಲಿ ಆದ ತಪ್ಪು. ಇದಕ್ಕೆ ಹೊಣೆ ನಾನು’ ಎಂದು ಸೇರಿಸಿದರು.

‘ಅದನ್ನ ತೆಗೀರಿ ಸಾರ್. ತಪ್ಪು ನಂದು’ ಎಂದೆ.

‘ನಿಂದೂ ಹೌದು. ಅದು ಮೇಲೆ ಬರ್ದಿದೀನಿ’ ಎಂದರು.

ಚುನಾವಣಾ ಕಚೇರಿಯ ಮೊಗಸಾಲೆಯಲ್ಲಿ ಹತ್ತು ಗಂಟೆಯಿಂದ ಕಾದೆವು. ಒಬ್ಬರು ನಾಳೆ ಬನ್ನಿ ಎಂದರು. ಇನ್ನೊಬ್ಬರು, ಈ ಗಡಿಬಿಡೀಲಿ ಇದನ್ನೆಲ್ಲ ಯಾರು ನೋಡ್ತಾರೆ, ಸುಮ್ನೆ ಮನೆಗೆ ಹೋಗಿ ಎಂದರು. ಯಜಮಾನರು ಎಲ್ಲರಿಗೂ ‘ಆಗ್ಲಿ’ ಎಂದು ಹೇಳಿ ಅಲ್ಲೇ ಕೂತರು. ಮಧ್ಯಾಹ್ನ ಎರಡರ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವರನ್ನು ನೋಡಿ ನಾನು ಎದ್ದು ನಿಂತೆ. ಡಾಕ್ಟರು. ಒಬ್ಬರೇ ಬಂದಿದ್ದರು. ಕೈಯಲ್ಲಿ ಒಂದು ಲಕೋಟೆ. ನಮ್ಮ ಪಕ್ಕ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡರು.

‘ಮ್ಯಾನೇಜರು ಬಿಟ್ಟು ಹೋದ್ರು. ವ್ಯಾನೂ ಹೋಯ್ತು. ಆಟೋದಲ್ಲಿ ಬಂದೆ’ ಎಂದರು. ವೇದಿಕೆಗೂ ತಮಗೂ ಸಂಬಂಧವಿಲ್ಲ, ಆ ಕಂಪನಿ ತಮ್ಮ ಪರವಾಗಿ ಏನೇನು ಖರ್ಚು ಮಾಡಿತ್ತು ಎಂಬುದು ತಿಳಿದಷ್ಟು ಇಲ್ಲಿದೆ, ಮುಂದೆ ಒಂದು ಕುರ್ಚಿಯೂ ಬೇಡ ಎಂದು ಬರೆದುಕೊಂಡು ಬಂದಿದ್ದರು. ಯಜಮಾನರು ಲಕೋಟೆ ಈಸಿಕೊಂಡು ಪತ್ರವನ್ನು ಕೆಳಗಿನಿಂದ ಓದಿದರು. ‘ತಾರೀಖು ಹಾಕಿಲ್ಲ ನೀವು’ ಎಂದು ಪೆನ್ನು ಕೊಟ್ಟರು. ಡಾಕ್ಟರು ನಕ್ಕರು. 

ಅಭ್ಯರ್ಥಿಯೇ ಬಂದು ಕೂತ ಮೇಲೆ ಒಳಗೆ ಕರೆದರು. ಅಧಿಕಾರಿ ಒಬ್ಬ ಹೆಂಗಸು. ದಣಿದಿದ್ದರು, ಆದರೆ ಎರಡು ಪತ್ರಗಳನ್ನೂ ಪೂರ್ತಿ ಓದಿದರು. ನನ್ನ ಮುಖ ನೋಡಿ, ‘ಇನ್ಮೇಲೆ ಖಾಲಿ ಜಾಗ ಕಂಡಲ್ಲೆಲ್ಲ ಸೈನ್ ಹಾಕ್ಬೇಡಿ’ ಎಂದು ನಕಲಿನ ಮೇಲೆ ಮೊಹರು ಒತ್ತಿ ಕೊಟ್ಟರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಉಳಿದ ದಿನಗಳಲ್ಲಿ ಡಾಕ್ಟರು ನಡೆದುಕೊಂಡೇ ಮನೆಮನೆಗೆ ಹೋದರು. ಪ್ರತಿ ಮನೆಯಲ್ಲೂ ಕಂಪನಿಯ ಕರಪತ್ರ ತೋರಿಸಿ, ಇದು ನನ್ನದಲ್ಲ ಎಂದರು. ಸೋತರು. ಆದರೆ ಅವರು ಹೋದಲ್ಲೆಲ್ಲ ಆಸ್ಪತ್ರೆಯ ಮಾತು ಎದ್ದಿತ್ತು. ಜನ ಉಳಿದ ಅಭ್ಯರ್ಥಿಗಳನ್ನೂ ಅದನ್ನೇ ಕೇಳತೊಡಗಿದರು. ಗೆದ್ದವರು ಅದನ್ನು ತೆರೆಸುತ್ತೇನೆ ಎಂದು ಗವಿಪುರಂನ ಸಭೆಯಲ್ಲಿ ಮೈಕಿನ ಮುಂದೆ ಹೇಳಿಬಿಟ್ಟಿದ್ದರು, ಹಿಂತೆಗೆಯಲು ಆಗಲಿಲ್ಲ. ಎರಡು ವರ್ಷಕ್ಕೆ ಹೊರರೋಗಿಗಳ ವಿಭಾಗ ಶುರುವಾಯಿತು, ಆಮೇಲೆ ಹೆರಿಗೆ ವಾರ್ಡು. ಡಾಕ್ಟರು ವಾರಕ್ಕೆ ಎರಡು ಬೆಳಿಗ್ಗೆ ಅಲ್ಲಿ ಮಕ್ಕಳನ್ನು ನೋಡುತ್ತಾರೆ. ನನ್ನ ಮಗಳು ಬ್ಯಾಂಕ್ ಸಾಲದಲ್ಲಿ ಓದುತ್ತಿದ್ದಾಳೆ. ಯಾರಿಗೂ ಜಾಮೀನು ಹಾಕುವುದಿಲ್ಲ ಎಂದು ಗೋಡೆಗೆ ಬರೆದು ಅಂಟಿಸಿದ್ದ ಯಜಮಾನರು ಅವಳ ಸಾಲಕ್ಕೆ ಜಾಮೀನು ಹಾಕಿದರು. ಆ ಚೀಟಿಯನ್ನು ಮಾತ್ರ ಗೋಡೆಯಿಂದ ತೆಗೆಯಲಿಲ್ಲ.

ಇಷ್ಟಾದರೂ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಬೇರೆಯದೇ ಒಂದು ದಿನ. ಫಲಿತಾಂಶ ಬಂದು ಒಂದು ತಿಂಗಳಿಗೆ ಚುನಾವಣಾ ಕಚೇರಿಯಿಂದ ನನಗೆ ನೋಟಿಸು ಬಂತು. ಆ ಕಂಪನಿ ಇಂಥ ಹಲವು ವೇದಿಕೆಗಳನ್ನು ಕಟ್ಟಿ, ಒಂದಕ್ಕಿಂತ ಹೆಚ್ಚು ಅಭ್ಯರ್ಥಿಗಳಿಗೆ ಹಣ ಸುರಿದಿತ್ತಂತೆ. ಪ್ರಕಾಶಕರು, ಅಧ್ಯಕ್ಷರು ಎಂದು ಸಹಿ ಹಾಕಿದವರನ್ನೆಲ್ಲ ವಿಚಾರಣೆಗೆ ಕರೆದಿದ್ದರು. ಹೋಗಿ ನೋಡಿದರೆ ಡ್ರೈವರುಗಳು, ಅಡುಗೆಯವರು, ಸೆಕ್ಯುರಿಟಿಯವರು ಗೋಡೆಗೆ ಒರಗಿ ನಿಂತಿದ್ದರು. ಕೆಲವರು ಬೆಳಿಗ್ಗೆಯಿಂದ ನಿಂತಿದ್ದರು. ನಾನು ಮೊಹರು ಹಾಕಿದ ನಕಲು ತೋರಿಸಿದೆ. ಅಧಿಕಾರಿಗಳ ಫೈಲಿನಲ್ಲೂ ಅದು ಇತ್ತು. ಎರಡು ಪ್ರಶ್ನೆ ಕೇಳಿ, ನಿಮ್ಮದು ಮುಗೀತು, ಹೋಗಿ ಎಂದರು.

ಬಿಸಿಲಿನಲ್ಲಿ ನಡೆದುಕೊಂಡೇ ಪ್ರೆಸ್ಸಿಗೆ ಬಂದೆ. ಮೂರು ಗಂಟೆ ದಾಟಿತ್ತು. ಒಂದು ಗಂಟೆಗೆ ಸರಿಯಾಗಿ ಊಟ ಮಾಡುವ ಯಜಮಾನರ ಟಿಫಿನ್ ಕ್ಯಾರಿಯರ್ ಮೇಜಿನ ಮೇಲೆ ಹಾಗೆಯೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಅವರು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು.

‘ಎಷ್ಟೊತ್ತು ಕೂರಿಸಿದ್ರು?’

‘ಹತ್ತು ನಿಮಿಷ ಸಾರ್. ಮುಗೀತಂತೆ.’

‘ಮುಗೀತು ಅಂತ ಅವ್ರೇ ಹೇಳಿದ್ರಾ?’

‘ಅವ್ರೇ ಹೇಳಿದ್ರು.’

ಅವರು ತಲೆಯಾಡಿಸಿ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಡಬ್ಬಿಯ ಕ್ಲಿಪ್ಪು ಎರಡು ಸಲ ಎಳೆದರೂ ಅವರ ಕೈಗೆ ಬಿಚ್ಚಿಕೊಳ್ಳಲಿಲ್ಲ. ನಾನು ತೆಗೆದುಕೊಟ್ಟೆ. ಮೇಲಿನ ಡಬ್ಬಿಯಲ್ಲಿ ಅಕ್ಕಿ ರೊಟ್ಟಿ, ಕೆಳಗಿನದರಲ್ಲಿ ಎಣ್ಣೆಗಾಯಿ ಇತ್ತು.

‘ನಿಮಗೂ ಭಯ ಇತ್ತಾ ಸಾರ್?’ ಎಂದು ಕೇಳಿಬಿಟ್ಟೆ.

‘ಇಲ್ದೇ ಏನಮ್ಮ? ಹೊಣೆ ನಾನು ಅಂತ ಬರ್ದು ಕೊಟ್ಟು ಬಂದಿದೀನಿ. ಎರಡು ತಿಂಗಳಿಂದ ಮನೇಲಿ ಬೆಲ್ ಆದ್ರೆ ನಾನೇ ಹೋಗಿ ಬಾಗಿಲು ತೆಗೀತಿದ್ದೆ, ಯಾರಾದ್ರೂ ಕಾಗದ ಹಿಡ್ಕೊಂಡ್ ಬಂದು ಮನೆಯವ್ರ ಕೈಗೆ ಕೊಟ್ಟುಬಿಟ್ಟಾರು ಅಂತ’ ಎಂದು ರೊಟ್ಟಿ ಮುರಿದರು. ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ರೊಟ್ಟಿಯನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದರು.

‘ಕೂತ್ಕೋ. ನೀನೂ ಬೆಳಿಗ್ಗೆಯಿಂದ ಏನೂ ತಿಂದಿರಲ್ಲ.’

ತಿಂದಿರಲಿಲ್ಲ. ಇಬ್ಬರೂ ಡಬ್ಬಿ ಖಾಲಿಯಾಗುವವರೆಗೂ ತಿಂದೆವು.